ವೇಗವರ್ಧಕದ ರಿಬ್ಬನ್ ಕೇಬಲ್

ಹಳೆಯ ಕಂಪ್ಯೂಟರಿಗೆ ಹೆಚ್ಚು ವೇಗದ ಇನ್ನೊಂದು ಪ್ರೊಸೆಸರ್ ಸೇರಿಸುವ ಕಾರ್ಡನ್ನು ಅಥವಾ ಪೆಟ್ಟಿಗೆಯನ್ನು ಅದರ ಮುಖ್ಯ ಬೋರ್ಡಿಗೆ ಕೂಡಿಸುವ ಚಪ್ಪಟೆ ಬಹುತಂತಿ ಕೇಬಲ್ಲಿಗೆ ವೇಗವರ್ಧಕದ ರಿಬ್ಬನ್ ಕೇಬಲ್ ಎಂದು ಹೆಸರು. ಕನ್ನಡದಲ್ಲಿ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತುವಿಗೂ ವೇಗವರ್ಧಕ ಎಂಬ ಮಾತು ಬಳಕೆಯಲ್ಲಿದೆ. ಇಲ್ಲಿ ಕಂಪ್ಯೂಟರಿನ ಆಕ್ಸಿಲರೇಟರ್ ಎಂಬ ಅರ್ಥ ಮಾತ್ರ. ಭಾರತದ ಬಿಡಿಭಾಗ ವ್ಯಾಪಾರದಲ್ಲಿ ರಿಬ್ಬನ್ ಕೇಬಲ್ಲಿಗೆ ಎಫ್‌ಆರ್‌ಸಿ ಎಂಬ ಹೆಸರೇ ರೂಢಿ. ಅಂಗಡಿಯಲ್ಲಿ ‘40 ಪಿನ್ ಎಫ್‌ಆರ್‌ಸಿ’ ಎಂದು ಕೇಳಿದರೆ ಕನೆಕ್ಟರ್ ಬರುತ್ತದೆ, ‘40 ವೇ ಎಫ್‌ಆರ್‌ಸಿ ವೈರ್’ ಎಂದರೆ ಅಳತೆ ಮಾಡಿ ಕತ್ತರಿಸಿದ ಪಟ್ಟಿ ಬರುತ್ತದೆ. ಬೋರ್ಡಿನ ಮೇಲೆ ಬೆಸೆದ, ಸುತ್ತ ಗೋಡೆಯಿರುವ ಗಂಡು ಭಾಗಕ್ಕೆ ಬಾಕ್ಸ್ ಹೆಡರ್ ಎನ್ನುತ್ತಾರೆ. ಈ ಲೇಖನದಲ್ಲಿ ‘ತಂತಿ’ ಎಂದರೆ ಪಟ್ಟಿಯೊಳಗಿನ ಒಂದೊಂದು ವಾಹಕ. ‘ಎಳೆ’ ಎಂದರೆ ಆ ತಂತಿಯೊಳಗಿನ ಸಣ್ಣ ತಾಮ್ರದ ನೂಲು.

ಉಗಮ

ರಿಬ್ಬನ್ ಕೇಬಲ್ 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಸಿಕಾಯಿಲ್ ಕಂಪನಿಯಲ್ಲಿ ರೂಪುಗೊಂಡಿತು. ಒಂದೇ ಗಾತ್ರದ ಹಲವು ತಂತಿಗಳನ್ನು ಸಾಲಾಗಿ ಮಲಗಿಸಿ ಸಿಲಿಕೋನ್ ರಬ್ಬರಿನಲ್ಲಿ ಎರಕ ಹೊಯ್ಯುವುದು ಅದರ ವಿಧಾನ. ಆಗಿನ ದೊಡ್ಡ ಕಂಪ್ಯೂಟರುಗಳಲ್ಲಿ ಕಾರ್ಡ್ ಓದುವ ಯಂತ್ರ, ಟೇಪ್ ಯಂತ್ರಗಳನ್ನು ಸೇರಿಸುತ್ತಿದ್ದ ದಪ್ಪನೆಯ, ಬಾಗದ ದುಂಡು ಕೇಬಲ್ಲುಗಳ ಜಾಗಕ್ಕೆ ಈ ಪಟ್ಟಿ ಬಂದಿತು. ಮುಂದೆ ಸಿಲಿಕೋನಿನ ಬದಲು ಅಗ್ಗದ ಪಿವಿಸಿ ಹೊದಿಕೆ ಸಾಮಾನ್ಯವಾಯಿತು.

ಕೇಬಲ್ ಅಗ್ಗವಾಗಲು ಪಟ್ಟಿಗಿಂತ ಹೆಚ್ಚಾಗಿ ಕಾರಣವಾದದ್ದು ಅದರ ತುದಿಗೆ ಕೂರುವ ಕನೆಕ್ಟರ್. ತಂತಿಯ ಹೊದಿಕೆ ಸುಲಿಯದೆ, ಬೆಸುಗೆ ಹಾಕದೆ, ಒಂದೇ ಒತ್ತಿಗೆ ಎಲ್ಲ ತಂತಿಗಳನ್ನೂ ಹಿಡಿಯುವ ಈ ಬಗೆಯ ಕನೆಕ್ಟರನ್ನು 1960ರ ದಶಕದಲ್ಲಿ 3ಎಂ ಕಂಪನಿ ರಿಬ್ಬನ್ ಕೇಬಲ್ಲಿಗೆ ಹೊಂದಿಸಿತು. ನಲವತ್ತು ತಂತಿಗಳಿಗೆ ಎರಡು ತುದಿಯಲ್ಲಿ ಸೇರಿ ಎಂಬತ್ತು ಬೆಸುಗೆ ಹಾಕುವ ಕೆಲಸ ಎರಡು ಒತ್ತಿಗೆ ಇಳಿಯಿತು. 1980ರ ದಶಕದ ಮನೆ ಕಂಪ್ಯೂಟರುಗಳು ಫ್ಲಾಪಿ, ಪ್ರಿಂಟರ್, ಹಾರ್ಡ್‌ಡಿಸ್ಕ್ ಎಲ್ಲಕ್ಕೂ ಇದನ್ನೇ ನೆಚ್ಚಿಕೊಂಡವು. ವೇಗವರ್ಧಕಗಳು ಬಂದದ್ದೂ ಆ ದಶಕದಲ್ಲೇ.

ರಚನೆ

ಸಾಮಾನ್ಯ ಪಟ್ಟಿಯಲ್ಲಿ ಒಂದು ತಂತಿಯ ನಡುವಿನಿಂದ ಮುಂದಿನ ತಂತಿಯ ನಡುವಿಗೆ 1.27 ಮಿ.ಮೀ. ಅಂತರ, ಅಂದರೆ ಅಂಗುಲದ ಇಪ್ಪತ್ತನೆಯ ಒಂದು ಭಾಗ. ಈ ಲೆಕ್ಕದಲ್ಲಿ 40 ತಂತಿಯ ಪಟ್ಟಿ 50.8 ಮಿ.ಮೀ. ಅಗಲ, ಸರಿಯಾಗಿ ಎರಡು ಅಂಗುಲ. ತಂತಿ 28 ಗೇಜಿನದು. ಒಳಗೆ ಏಳು ತಾಮ್ರದ ಎಳೆಗಳು. ಒಂದು ಅಂಚಿನ ತಂತಿ ಕೆಂಪು, ಅದೇ ಒಂದನೆಯ ತಂತಿ. ಉಳಿದವು ಬೂದು. ಪ್ರತಿ ತಂತಿಗೂ ಬೇರೆ ಬಣ್ಣವಿರುವ ಪಟ್ಟಿಗಳೂ ಉಂಟು. ಅವುಗಳಲ್ಲಿ ಹತ್ತು ಬಣ್ಣಗಳು ಕ್ರಮವಾಗಿ ಮರುಕಳಿಸುತ್ತವೆ.

ಕನೆಕ್ಟರಿನೊಳಗೆ ಪ್ರತಿ ತಂತಿಗೂ ಕವಲುಗೋಲಿನಂಥ ಒಂದು ಲೋಹದ ತುಂಡು ಇರುತ್ತದೆ. ಅದರ ಎರಡು ಹಲ್ಲುಗಳ ನಡುವಿನ ಸಂದು ತಂತಿಗಿಂತ ಕಿರಿದು. ಮೇಲಿನ ಮುಚ್ಚಳ ಒತ್ತಿದಾಗ ಹಲ್ಲುಗಳು ಹೊದಿಕೆಯನ್ನು ಸೀಳಿ ತಾಮ್ರದ ಎಳೆಗಳನ್ನು ಬಿಗಿಯಾಗಿ ಕಚ್ಚುತ್ತವೆ. ಕಚ್ಚಿದ ಜಾಗಕ್ಕೆ ಗಾಳಿ ಹೋಗದ ಕಾರಣ ಅಲ್ಲಿ ಬೇಗ ಕಿಲುಬು ಹಿಡಿಯುವುದಿಲ್ಲ. ಹಲ್ಲುಗಳು 1.27 ಮಿ.ಮೀ. ಅಂತರದಲ್ಲಿದ್ದರೂ ಪಿನ್ನುಗಳು ಎರಡು ಸಾಲಿನಲ್ಲಿ 2.54 ಮಿ.ಮೀ. ಅಂತರದಲ್ಲಿರುತ್ತವೆ: ಬೆಸ ತಂತಿಗಳು ಒಂದು ಸಾಲಿಗೆ, ಸಮ ತಂತಿಗಳು ಇನ್ನೊಂದು ಸಾಲಿಗೆ. ಕನೆಕ್ಟರಿನ ಮೇಲೆ ಒಂದನೆಯ ಪಿನ್ನಿನ ಪಕ್ಕ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಹೊಟ್ಟೆಯ ನಡುವೆ ಒಂದು ಉಬ್ಬು. ಬಾಕ್ಸ್ ಹೆಡರಿನ ಗೋಡೆಯ ಕಚ್ಚಿನಲ್ಲಿ ಅದು ಕೂತರೆ ಮಾತ್ರ ಕನೆಕ್ಟರ್ ಒಳಗೆ ಇಳಿಯುತ್ತದೆ.

ವಿಧಗಳು

ತಂತಿಗಳ ಸಂಖ್ಯೆಯಿಂದಲೇ ಕೇಬಲ್ಲಿನ ಕೆಲಸ ಊಹಿಸಬಹುದು. 34 ಆದರೆ ಫ್ಲಾಪಿ, 40 ಆದರೆ ಹಳೆಯ ಐಡಿಇ ಹಾರ್ಡ್‌ಡಿಸ್ಕ್, 50 ಆದರೆ ಸ್ಕಸಿ, 26 ಆದರೆ ಪ್ರಿಂಟರ್. ಪಿಸಿಯ ಫ್ಲಾಪಿ ಕೇಬಲ್ಲಿನಲ್ಲಿ 10ರಿಂದ 16ರವರೆಗಿನ ತಂತಿಗಳನ್ನು ಸೀಳಿ ತಿರುಚಿರುತ್ತಾರೆ. ಎರಡು ಡ್ರೈವುಗಳಲ್ಲಿ ಯಾವುದು ಮೊದಲನೆಯದು ಎಂದು ಆ ತಿರುವೇ ತೀರ್ಮಾನಿಸುತ್ತದೆ. ಹಾರ್ಡ್‌ಡಿಸ್ಕಿನ ವೇಗ ಏರಿದಾಗ 40 ಪಿನ್ನಿನ ಕನೆಕ್ಟರಿಗೇ 80 ತಂತಿಯ ಪಟ್ಟಿ ಬಂತು. ಹೆಚ್ಚಿನ 40 ತಂತಿಗಳೂ ಗ್ರೌಂಡ್. ಸಂಕೇತದ ತಂತಿಗಳ ನಡುವೆ ನಿಂತು ಒಂದರ ಗದ್ದಲ ಇನ್ನೊಂದಕ್ಕೆ ಹಾಯದಂತೆ ತಡೆಯುವುದು ಅವುಗಳ ಕೆಲಸ.

ಪ್ರಿಂಟರಿನ ತಲೆಗೆ ಹೋಗುವ, ಹಾಳೆಯಷ್ಟು ತೆಳುವಾದ ಎಫ್‌ಎಫ್‌ಸಿ ಪಟ್ಟಿ ಬೇರೆ ಜಾತಿ. ಅದರೊಳಗೆ ಎಳೆಗಳಿಲ್ಲ, ಚಪ್ಪಟೆ ತಾಮ್ರದ ಗೆರೆಗಳಿವೆ; ಒತ್ತಿ ಕೂರಿಸುವ ಎಫ್‌ಆರ್‌ಸಿ ಕನೆಕ್ಟರ್ ಅದಕ್ಕೆ ಹೊಂದುವುದಿಲ್ಲ.

ವೇಗವರ್ಧಕಗಳ ಕೇಬಲ್ಲುಗಳಲ್ಲಿ ಎರಡು ಬಗೆ. ಒಂದನೆಯದರಲ್ಲಿ ಕಂಪ್ಯೂಟರಿನ ತಯಾರಕರೇ ಎರಡನೆಯ ಪ್ರೊಸೆಸರಿಗೆಂದು ಒಂದು ಹೆಡರ್ ಬಿಟ್ಟಿರುತ್ತಾರೆ. ಬ್ರಿಟನ್ನಿನ ಏಕಾರ್ನ್ ಕಂಪನಿ 1981ರ ಕೊನೆಗೆ ತಂದ ಬಿಬಿಸಿ ಮೈಕ್ರೊ ಇದಕ್ಕೆ ಒಳ್ಳೆಯ ಮಾದರಿ. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರಿನ ಈ ಯಂತ್ರದ ಹೊಟ್ಟೆಯಡಿ ‘ಟ್ಯೂಬ್’ ಎಂಬ 40 ಪಿನ್ನಿನ ದ್ವಾರವಿದೆ. 3 ಮೆಗಾಹರ್ಟ್ಸಿನ ಇನ್ನೊಂದು 6502 ಇರುವ ಪೆಟ್ಟಿಗೆಯನ್ನಾಗಲಿ, 6 ಮೆಗಾಹರ್ಟ್ಸಿನ ಝಡ್80 ಪೆಟ್ಟಿಗೆಯನ್ನಾಗಲಿ ಗಿಡ್ಡ ರಿಬ್ಬನ್ ಕೇಬಲ್ಲಿನಿಂದ ಅಲ್ಲಿಗೆ ಸಿಕ್ಕಿಸಿದರೆ ಲೆಕ್ಕದ ಕೆಲಸವೆಲ್ಲ ಪೆಟ್ಟಿಗೆಗೆ, ಕೀಲಿಮಣೆ, ಪರದೆ, ಡಿಸ್ಕಿನ ಕೆಲಸ ಹಳೆಯ ಯಂತ್ರಕ್ಕೆ. 1985ರ ಏಪ್ರಿಲ್ 26ರಂದು ಮೊದಲ ಬಾರಿ ಓಡಿದ ಏಆರ್‌ಎಂ ಚಿಪ್ಪು ಕೂಡ ಬಿಬಿಸಿ ಮೈಕ್ರೊವಿನ ಎರಡನೆಯ ಪ್ರೊಸೆಸರಾಗಿಯೇ ಓಡಿತು. ಇಂದು ಹೆಚ್ಚುಕಡಿಮೆ ಎಲ್ಲ ಮೊಬೈಲ್ ಫೋನುಗಳಲ್ಲಿರುವುದು ಆ ಚಿಪ್ಪಿನ ವಂಶ.

ಎರಡನೆಯ ಬಗೆಯಲ್ಲಿ ತಯಾರಕರು ಅಂಥ ದ್ವಾರ ಬಿಟ್ಟಿರುವುದಿಲ್ಲ. ಆಗ ಮುಖ್ಯ ಬೋರ್ಡಿನ ಪ್ರೊಸೆಸರನ್ನೇ ಕಿತ್ತು, ಖಾಲಿಯಾದ ಸಾಕೆಟ್ಟಿಗೆ ಕೇಬಲ್ಲಿನ ತುದಿಯ ಪ್ಲಗ್ ಕೂರಿಸುತ್ತಾರೆ. ಆ್ಯಪಲ್ 2ಜಿಎಸ್‌ನ ಟ್ರಾನ್ಸ್‌ವಾರ್ಪ್ ಜಿಎಸ್ ಕಾರ್ಡು, ಐಬಿಎಂ ಪಿಸಿಗೆಂದು ಇಂಟೆಲ್ ತಂದ ಇನ್‌ಬೋರ್ಡ್ 386 ಈ ಗುಂಪಿನವು. ಮೊದಲನೆಯದು 2.8 ಮೆಗಾಹರ್ಟ್ಸಿನ ಯಂತ್ರವನ್ನು 7ಕ್ಕೆ ಏರಿಸುತ್ತದೆ. ಬದಲಿ ಕೇಬಲ್ಲಿನ ಅಗತ್ಯ ಹೆಚ್ಚು ಬೀಳುವುದು ಈ ಗುಂಪಿಗೆ: ಸಾಕೆಟ್ಟಿಗೆ ಕೂರುವ, ಚಿಪ್ಪಿನಂತೆ ಎರಡು ಸಾಲು ಕಾಲಿರುವ ಡಿಐಪಿ ಪ್ಲಗ್ಗಿನ ಪಿನ್ನುಗಳು ತೆಳು, ನಾಲ್ಕಾರು ಬಾರಿ ಕಿತ್ತು ಹಾಕಿದರೆ ಬುಡದಲ್ಲೇ ಮುರಿಯುತ್ತವೆ.

ಕೇಬಲ್ ಕೆಡುವ ಬಗೆ

ಪಿವಿಸಿಯನ್ನು ಮೆದುವಾಗಿಡುವ ಎಣ್ಣೆಯಂಥ ಅಂಶ ವರ್ಷಗಳು ಕಳೆದಂತೆ ಹೊರಬೀಳುತ್ತದೆ. ಪಟ್ಟಿ ಗಡುಸಾಗಿ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಕನೆಕ್ಟರಿನ ಬದಲು ಪಟ್ಟಿಯನ್ನೇ ಹಿಡಿದು ಎಳೆದಾಗ ಹಲ್ಲುಗಳ ಹಿಡಿತ ಸಡಿಲಗೊಳ್ಳುತ್ತದೆ. ಇದನ್ನು ತಡೆಯಲೆಂದೇ ಪಟ್ಟಿಯನ್ನು ಹಿಂದಕ್ಕೆ ಮಡಚಿ ಹಿಡಿಯುವ ಸ್ಟ್ರೇನ್ ರಿಲೀಫ್ ಎಂಬ ಕೊಕ್ಕೆ ಇದೆ, ಹಾಕದವರೇ ಹೆಚ್ಚು. ಏಳು ಎಳೆಗಳಲ್ಲಿ ಐದು ತುಂಡಾದರೂ ಮಲ್ಟಿಮೀಟರ್ ಬೀಪ್ ಎನ್ನುತ್ತದೆ. ಹಾಗಾಗಿ ಮೀಟರಿನಲ್ಲಿ ಪಾಸಾದ ಕೇಬಲ್ ಯಂತ್ರ ಬಿಸಿಯಾದ ಮೇಲೆ ಕೈಕೊಡುವುದುಂಟು. ಅಂಥ ಕೇಬಲ್ಲನ್ನು ರಿಪೇರಿ ಮಾಡುವುದಕ್ಕಿಂತ ಹೊಸದು ಕಟ್ಟುವುದು ಲೇಸು.

ಬದಲಿ ಕೇಬಲ್ಲಿನ ತಯಾರಿಕೆ

ಬೇಕಾಗುವ ಸಾಮಾನು ಕಡಿಮೆ: ಪಟ್ಟಿ, ಒಂದು ತುದಿಗೆ ಎಫ್‌ಆರ್‌ಸಿ ಕನೆಕ್ಟರ್, ಇನ್ನೊಂದು ತುದಿಗೆ 40 ಪಿನ್ನಿನ ಒತ್ತುವ ಡಿಐಪಿ ಪ್ಲಗ್, ಹರಿತವಾದ ಬ್ಲೇಡು, ಸಮತಟ್ಟಾದ ದವಡೆಯ ವೈಸ್, ಮಲ್ಟಿಮೀಟರ್. ಕೆಲಸವೂ ಹತ್ತು ನಿಮಿಷದ್ದು. ತಪ್ಪಾಗುವುದು ಒತ್ತುವುದರಲ್ಲಿ ಅಪರೂಪ, ಎಣಿಕೆಯಲ್ಲಿ ಪದೇ ಪದೇ.

ಬಾಕ್ಸ್ ಹೆಡರಿನಲ್ಲಿ ಪಿನ್ನುಗಳ ಎಣಿಕೆ ಅಂಕುಡೊಂಕು: 1 ಈ ಸಾಲಿನಲ್ಲಿ, 2 ಎದುರು ಸಾಲಿನಲ್ಲಿ, 3 ಮತ್ತೆ ಈ ಸಾಲಿನಲ್ಲಿ. ಚಿಪ್ಪಿನ ಎಣಿಕೆ ಪ್ರದಕ್ಷಿಣೆಯ ವಿರುದ್ಧ ದಿಕ್ಕಿನದು: ಮೇಲಿನಿಂದ ನೋಡಿದಾಗ ಎಡಸಾಲಿನಲ್ಲಿ 1ರಿಂದ 20ರವರೆಗೆ ಇಳಿದು, ಬಲಸಾಲಿನಲ್ಲಿ 21ರಿಂದ 40ರವರೆಗೆ ಏರುತ್ತದೆ. ಪಟ್ಟಿಗೆ ಈ ಎರಡೂ ತಿಳಿಯದು. ಅದು ತಂತಿಗಳನ್ನು ಸಾಲಾಗಿ ಒಯ್ಯುತ್ತದೆ ಅಷ್ಟೆ. ಹೀಗಾಗಿ ಒಂದನೆಯ ತಂತಿ ಹೆಡರಿನ 1ಕ್ಕೂ ಚಿಪ್ಪಿನ 1ಕ್ಕೂ ಹೋದರೆ, ಎರಡನೆಯದು ಹೆಡರಿನ 2ಕ್ಕೆ, ಆದರೆ ಚಿಪ್ಪಿನ 40ಕ್ಕೆ ಹೋಗುತ್ತದೆ. ಮೂರನೆಯದು ಹೆಡರಿನ 3, ಚಿಪ್ಪಿನ 2. ನಾಲ್ಕನೆಯದು ಹೆಡರಿನ 4, ಚಿಪ್ಪಿನ 39. ಕೊನೆಯ ಎರಡು ತಂತಿಗಳು ಚಿಪ್ಪಿನ 20 ಮತ್ತು 21ಕ್ಕೆ. ಕಾರ್ಡನ್ನು ವಿನ್ಯಾಸ ಮಾಡಿದವರು ಈ ಲೆಕ್ಕ ಹಾಕಿಯೇ ಹೆಡರಿಗೆ ಸಂಕೇತಗಳನ್ನು ಹಂಚಿರುತ್ತಾರೆ. ನಕ್ಷೆ ನೋಡಿ ‘2ರಿಂದ 2ಕ್ಕೆ’ ಎಂದು ತಂತಿಗಳನ್ನು ಬಿಡಿಬಿಡಿಯಾಗಿ ಬೆಸೆಯಲು ಹೊರಟವರು ಇಲ್ಲಿ ಎಡವುತ್ತಾರೆ.

ಈ ಎಣಿಕೆಯಿಂದ ಯಾವ ಎರಡು ಪಿನ್ನುಗಳ ತಂತಿಗಳು ನೆರೆಯಾಗುತ್ತವೆ ಎಂಬುದನ್ನೂ ಗಮನಿಸಬೇಕು. ಐಬಿಎಂ ಪಿಸಿಯ 8088 ಚಿಪ್ಪಿನಲ್ಲಿ 1ನೇ ಪಿನ್ ಗ್ರೌಂಡ್, 40ನೇ ಪಿನ್ 5 ವೋಲ್ಟ್. ಚಿಪ್ಪಿನ ಮೇಲೆ ಅವು ಎದುರುಬದುರು, ಪಟ್ಟಿಯಲ್ಲಿ ಅಕ್ಕಪಕ್ಕ. ಪಟ್ಟಿ ಕೂದಲೆಳೆಯಷ್ಟು ಓರೆಯಾಗಿ ಕೂತು ಒಂದು ಹಲ್ಲು ಎರಡು ತಂತಿಗಳನ್ನೂ ಮುಟ್ಟಿದರೆ, ಕೆಂಪು ಅಂಚಿನಲ್ಲೇ ವಿದ್ಯುತ್ ಪೂರೈಕೆ ಶಾರ್ಟ್ ಆಗುತ್ತದೆ. 6502ರಲ್ಲಿ 5 ವೋಲ್ಟ್ 8ನೇ ಪಿನ್ನಿನದು, ಅದು ಹದಿನೈದನೆಯ ತಂತಿ. ಎಡಬಲದಲ್ಲಿ ಓದು-ಬರಹದ ಸಂಕೇತ ಮತ್ತು ದತ್ತಾಂಶದ ಮೊದಲ ಗೆರೆ.

ಪ್ಲಗ್ಗನ್ನು ಸಾಕೆಟ್ಟಿಗೆ ತಿರುಗುಮುರುಗಾಗಿ ಹಾಕಿದರೆ ಪ್ರತಿ ಪಿನ್ನೂ ಇಪ್ಪತ್ತು ಸ್ಥಾನ ಆಚೆಗೆ ಬೀಳುತ್ತದೆ. 8088ರ ಸಾಕೆಟ್ಟಿನಲ್ಲಿ ಇದರರ್ಥ 5 ವೋಲ್ಟಿನ 40 ಹೋಗಿ ಗ್ರೌಂಡಿನ 20ಕ್ಕೆ ಕೂರುವುದು. 6502ರಲ್ಲಿ 1 ಮತ್ತು 21 ಎರಡೂ ಗ್ರೌಂಡ್ ಆಗಿರುವುದರಿಂದ ಅಷ್ಟು ಅನಾಹುತವಿಲ್ಲ, ಆದರೂ 5 ವೋಲ್ಟ್ ನೇರವಾಗಿ ದತ್ತಾಂಶದ ಒಂದು ಗೆರೆಗೆ ನುಗ್ಗುತ್ತದೆ. ಬಾಕ್ಸ್ ಹೆಡರಿಗಿರುವ ಕಚ್ಚು ಸಾಕೆಟ್ಟಿಗೆ ಇಲ್ಲ. ಪ್ಲಗ್ಗಿನ ಒಂದನೆಯ ಪಿನ್ನಿನ ಮೂಲೆಗೆ ಬಣ್ಣದ ಚುಕ್ಕೆ ಇಡುವುದೊಂದೇ ರಕ್ಷೆ.

ಪಟ್ಟಿಯನ್ನು ತುದಿಯಲ್ಲಿ ಲಂಬಕೋನಕ್ಕೆ ಕತ್ತರಿಸಬೇಕು. ಕತ್ತರಿಯಿಂದ ಕತ್ತರಿಸಿದರೆ ಅಂಚು ಬಾಗುತ್ತದೆ, ಎಳೆಗಳು ಹೊರಚಾಚುತ್ತವೆ. ಉಕ್ಕಿನ ಅಳತೆಪಟ್ಟಿಯ ಗುಂಟ ಬ್ಲೇಡು ಎಳೆಯುವುದು ಸರಿ. ಕೆಂಪು ತಂತಿಯನ್ನು ತ್ರಿಕೋನದ ಕಡೆ ಇಟ್ಟು, ತಂತಿಗಳ ನಡುವಿನ ತಗ್ಗುಗಳು ಮುಚ್ಚಳದ ಗೆರೆಗಳಿಗೆ ಕೂರುವಂತೆ ಹೊಂದಿಸಿ, ವೈಸಿನ ಎರಡು ದವಡೆಗಳಿಗೂ ಮರದ ತುಂಡು ಕೊಟ್ಟು ನಿಧಾನವಾಗಿ ಬಿಗಿಯಬೇಕು. ಒಂದು ಬದಿ ಮೊದಲು ಇಳಿದರೆ ಕೆಲಸ ಕೆಟ್ಟಂತೆ. ಕನೆಕ್ಟರ್ ಪಟ್ಟಿಯ ಯಾವ ಮುಖದಲ್ಲಿ ಕೂತರೂ, ಕೆಂಪು ತಂತಿ ತ್ರಿಕೋನದ ಬಳಿ ಇರುವವರೆಗೆ ಎಣಿಕೆ ಬದಲಾಗುವುದಿಲ್ಲ. ಬದಲಾಗುವುದು ಪಟ್ಟಿ ಹೊರಡುವ ದಿಕ್ಕು. ಮುಚ್ಚಳ ಹಾಕಿದ ಯಂತ್ರದೊಳಗೆ ಪಟ್ಟಿ ಸುಮ್ಮನೆ ಮಡಚಿಕೊಳ್ಳದಿರಲು ಮೂಲ ಕೇಬಲ್ಲನ್ನು ಪಕ್ಕದಲ್ಲಿಟ್ಟುಕೊಂಡೇ ಮುಖ ಆರಿಸಬೇಕು.

ಡಿಐಪಿ ಪ್ಲಗ್ಗನ್ನು ನೇರವಾಗಿ ವೈಸಿಗೆ ಕೊಟ್ಟರೆ ನಲವತ್ತು ಪಿನ್ನುಗಳೂ ಮಡಚಿ ಮಲಗುತ್ತವೆ. ಮೊದಲು ಅದನ್ನು ಕೆಲಸಕ್ಕೆ ಬಾರದ 40 ಪಿನ್ನಿನ ಐಸಿ ಸಾಕೆಟ್ಟಿಗೆ ಚುಚ್ಚಿ, ಸಾಕೆಟ್ ಸಮೇತ ಒತ್ತುವುದು ಬಲ್ಲವರ ರೂಢಿ. ಒತ್ತಿದ ಮೇಲೂ ಆ ಸಾಕೆಟ್ಟನ್ನು ತೆಗೆಯದೆ ಬಿಟ್ಟರೆ ಇನ್ನೊಂದು ಅನುಕೂಲ: ಯಂತ್ರದ ಸಾಕೆಟ್ಟಿಗೆ ಹೋಗುವುದು ಅದರ ಕಾಲುಗಳು, ಮುರಿದರೆ ಹತ್ತಾರು ರೂಪಾಯಿಯ ಸಾಕೆಟ್ ಬದಲಿಸಿದರಾಯಿತು, ಪ್ಲಗ್ ಉಳಿಯುತ್ತದೆ. ಒತ್ತುವ ಪ್ಲಗ್ ಸಿಗದಿದ್ದಾಗ ಸಣ್ಣ ಬೋರ್ಡಿನ ಮೇಲೆ ಬಾಕ್ಸ್ ಹೆಡರ್, ಅಡಿಯಲ್ಲಿ ಗುಂಡುಪಿನ್ನಿನ ಎರಡು ಸಾಲು ಬೆಸೆದು ಅದನ್ನೇ ಪ್ಲಗ್ಗಾಗಿ ಬಳಸುತ್ತಾರೆ. ಹೆಚ್ಚು ಬಾಳುವುದು ಇದೇ. ಎರಡು ಎಣಿಕೆಗಳ ವ್ಯತ್ಯಾಸವನ್ನು ಆಗ ಬೋರ್ಡಿನ ಗೆರೆಗಳಲ್ಲೇ ಸರಿಪಡಿಸಿಕೊಳ್ಳಬೇಕು.

ಪರೀಕ್ಷೆಯಲ್ಲಿ ನಲವತ್ತು ತಂತಿಗಳನ್ನು ತುದಿಯಿಂದ ತುದಿಗೆ ನೋಡುವುದು ಅರ್ಧ ಕೆಲಸ. ನೆರೆಯ ತಂತಿಗಳ ಮೂವತ್ತೊಂಬತ್ತು ಜೋಡಿಗಳಲ್ಲಿ ಯಾವುದೂ ಒಂದಕ್ಕೊಂದು ತಗುಲಿಲ್ಲ ಎಂದೂ ನೋಡಬೇಕು. ಮೀಟರ್ ಹಿಡಿದಿರುವಾಗಲೇ ಕನೆಕ್ಟರಿನ ಬುಡದಲ್ಲಿ ಪಟ್ಟಿಯನ್ನು ಮೆಲ್ಲಗೆ ಅಲ್ಲಾಡಿಸಿದರೆ ಅರೆಬರೆ ಕಚ್ಚಿದ ತಂತಿ ತಾನಾಗಿ ಸಿಕ್ಕಿಬೀಳುತ್ತದೆ.

ಉದ್ದವನ್ನು ಮೂಲ ಕೇಬಲ್ಲಿಗಿಂತ ಹೆಚ್ಚಿಸಬಾರದು. ಕೆಲವು ಮೆಗಾಹರ್ಟ್ಸಿನ ಯಂತ್ರಗಳಲ್ಲಿ ಸಂಕೇತ ತಡವಾಗಿ ತಲುಪುವುದು ತೊಡಕಲ್ಲ, ಮೂವತ್ತು ಸೆಂ.ಮೀ. ದಾಟಲು ಅದಕ್ಕೆ ಬೇಕಾದದ್ದು ಒಂದೆರಡು ನ್ಯಾನೊಸೆಕೆಂಡು. ತೊಡಕಿರುವುದು ನೆರೆಯ ತಂತಿಗಳ ಗದ್ದಲದಲ್ಲಿ. ಬಿಬಿಸಿಯ ಟ್ಯೂಬ್ ದ್ವಾರದಲ್ಲಿ ಸಮ ಸಂಖ್ಯೆಯ ಪಿನ್ನುಗಳಲ್ಲಿ ಸಂಕೇತ, ಬೆಸ ಪಿನ್ನುಗಳಲ್ಲಿ ಬಹುಪಾಲು ಗ್ರೌಂಡ್, ಉಳಿದವು 5 ವೋಲ್ಟ್. ಪಟ್ಟಿಯಲ್ಲಿ ಸಂಕೇತಕ್ಕೊಂದು ಕಾವಲುಗಾರ ಇದ್ದಂತೆ. ಪ್ರೊಸೆಸರಿನ ಸಾಕೆಟ್ಟಿಗೆ ಹೋಗುವ ಕೇಬಲ್ಲಿಗೆ ಆ ಭಾಗ್ಯವಿಲ್ಲ. ಚಿಪ್ಪಿನಲ್ಲಿ ಗ್ರೌಂಡ್ ಇರುವುದೇ ಒಂದೆರಡು ಪಿನ್, ಉಳಿದೆಲ್ಲ ಸಂಕೇತಗಳೂ ಮೈಗೆ ಮೈ ತಾಗಿಸಿ ಓಡುತ್ತವೆ. ಆದ್ದರಿಂದಲೇ ಒಂದೇ ಉದ್ದದ ಎರಡು ಕೇಬಲ್ಲುಗಳಲ್ಲಿ ಟ್ಯೂಬಿನದು ನಡೆದು ಸಾಕೆಟ್ಟಿನದು ತೊದಲಬಹುದು.

ಕರ್ನಾಟಕದಲ್ಲಿ

1984-85ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಎಂಬ ಶಾಲಾ ಕಂಪ್ಯೂಟರ್ ಸಾಕ್ಷರತೆಯ ಯೋಜನೆಯಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ದೇಶದ ಸುಮಾರು 250 ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೊ. ಆ ಶಾಲೆಗಳ ಎಷ್ಟೋ ವಿದ್ಯಾರ್ಥಿಗಳು ಮೊದಲು ಮುಟ್ಟಿದ ಕಂಪ್ಯೂಟರಿನ ಹೊಟ್ಟೆಯಡಿ ಹೀಗೆ ವೇಗವರ್ಧಕದ ಬಾಯಿ ಇತ್ತು. ಎರಡನೆಯ ಪ್ರೊಸೆಸರಿನ ಪೆಟ್ಟಿಗೆ ಬೇರೆಯಾಗಿ ಕೊಳ್ಳಬೇಕಾದ ಸರಕು.

ಕನ್ನಡನಾಡಿನ ಹೆಚ್ಚು ಜನರ ಕೈಗೆ ರಿಬ್ಬನ್ ಕೇಬಲ್ ಬಂದದ್ದು ಎಂಜಿನಿಯರಿಂಗ್ ಕಾಲೇಜಿನ ಮೈಕ್ರೊಪ್ರೊಸೆಸರ್ ಪ್ರಯೋಗಾಲಯದಲ್ಲಿ. 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ 8086ರ ಪ್ರಯೋಗಗಳು ಬಹುಕಾಲ ಇದ್ದವು.  ಬೆಂಗಳೂರಿನ ಇಎಸ್‌ಎಯಂಥ ಕಂಪನಿಗಳ ಟ್ರೈನರ್ ಕಿಟ್ಟಿನಿಂದ ಸ್ಟೆಪರ್ ಮೋಟರಿನ ಬೋರ್ಡಿಗೆ, ಲಿಫ್ಟಿನ ಮಾದರಿಗೆ, ಕೀಲಿಮಣೆಗೆ ಹೋಗುತ್ತಿದ್ದದ್ದು 26 ತಂತಿಯ ಎಫ್‌ಆರ್‌ಸಿ. ಆ ಸಂಖ್ಯೆಯ ಹಿಂದಿನ ಲೆಕ್ಕ ಸರಳ: 8255 ಚಿಪ್ಪಿನ ಮೂರು ಪೋರ್ಟುಗಳ ಎಂಟೆಂಟು ಗೆರೆ ಸೇರಿ 24, ಜೊತೆಗೆ 5 ವೋಲ್ಟ್ ಮತ್ತು ಗ್ರೌಂಡ್. ಮೋಟರ್ ತಿರುಗದಿದ್ದಾಗ ಪ್ರೋಗ್ರಾಮಿಗೆ ಮೊದಲು ಕೇಬಲ್ಲನ್ನು ಶಂಕಿಸುವ ಪಾಠ ಇಲ್ಲೇ ಆಗುತ್ತಿತ್ತು. ಮುಂದೆ 8086 ಹೋಗಿ ಏಆರ್‌ಎಂ ಬಂತು. ಟ್ಯೂಬ್ ಕೇಬಲ್ಲಿನ ತುದಿಯಲ್ಲಿ ಹುಟ್ಟಿದ ಚಿಪ್ಪಿನ ಸಂತತಿಗೆ ಪ್ರೋಗ್ರಾಮ್ ತುಂಬುವ, ದೋಷ ಹುಡುಕುವ ಜೆಟ್ಯಾಗ್ ದ್ವಾರ ಮತ್ತೆ 20 ಪಿನ್ನಿನ ಎಫ್‌ಆರ್‌ಸಿಯೇ.

ಹೊಸಪೇಟೆ, ಸಂಡೂರು, ಕಂಪ್ಲಿ, ಬಂಡ್ರಿಯ ಕಡೆ ಇಂದು ಈ ಪಟ್ಟಿ ಕಣ್ಣಿಗೆ ಬೀಳದೆ ಕೆಲಸ ಮಾಡುವ ಜಾಗ ಅಂಗಡಿಯ ಹಣೆಯ ಮೇಲಿನ ಓಡುವ ಅಕ್ಷರದ ಎಲ್‌ಇಡಿ ಫಲಕ. 32 ಅಡ್ಡ, 16 ಉದ್ದದ ಚುಕ್ಕಿಗಳಿರುವ ಪಿ10 ಎಂಬ ತುಣುಕುಗಳನ್ನು ಸಾಲಾಗಿ ಜೋಡಿಸಿ ಫಲಕ ಮಾಡುತ್ತಾರೆ. ಒಂದರ ಹೊರಬಾಯಿಯಿಂದ ಮುಂದಿನದರ ಒಳಬಾಯಿಗೆ 16 ಪಿನ್ನಿನ ಗಿಡ್ಡ ಎಫ್‌ಆರ್‌ಸಿ. ಸಂಕೇತ ಸರಪಳಿಯಂತೆ ಸಾಗುವುದರಿಂದ ದೋಷವೂ ಹಾಗೆಯೇ ಕಾಣುತ್ತದೆ: ‘ಶ್ರೀ’ ಎಂಬಷ್ಟು ಓಡಿ, ಒಂದು ಗಡಿಯಿಂದಾಚೆ ಅಕ್ಷರ ಚೆಲ್ಲಾಪಿಲ್ಲಿಯಾದರೆ ಅಥವಾ ಕತ್ತಲಾದರೆ ಆ ಗಡಿಯ ಕೇಬಲ್ಲನ್ನೇ ಮೊದಲು ಬದಲಿಸುತ್ತಾರೆ. ಸಂಡೂರು ತಾಲ್ಲೂಕಿನ ದೋಣಿಮಲೆಯಲ್ಲಿ 1977ರಲ್ಲಿ ಆರಂಭವಾದ ಕಬ್ಬಿಣದ ಅದಿರಿನ ಗಣಿ ಇದೆ, ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದೆ. ಇಂಥ ಉದ್ಯಮಗಳ ನಿಯಂತ್ರಣ ಫಲಕಗಳಲ್ಲಿ ಪಿಎಲ್‌ಸಿ ಎಂಬ ನಿಯಂತ್ರಕದ ಕಾರ್ಡಿನಿಂದ ರಿಲೇ ಬೋರ್ಡಿಗೆ ರಿಬ್ಬನ್ ಕೇಬಲ್ ಎಳೆಯುವುದು ಸಾಮಾನ್ಯ ಪದ್ಧತಿ. ಬೇಸಿಗೆಯ ಬಿಸಿಲಿಗೆ ಪಿವಿಸಿ ಬೇಗ ಗಡುಸಾಗುತ್ತದೆ. ಕೆಮ್ಮಣ್ಣಿನ ಧೂಳು ತೆರೆದ ಕನೆಕ್ಟರಿನಲ್ಲಿ ಕೂತು ಮಳೆಗಾಲದ ತೇವ ಹೀರಿದಾಗ ಪಿನ್ನುಗಳು ಕಪ್ಪಾಗುತ್ತವೆ. ಬಳಸದ ಹೆಡರಿನ ಬಾಯಿಗೂ ಒಂದು ಖಾಲಿ ಕನೆಕ್ಟರ್ ಮುಚ್ಚಿಡುವುದು ಈ ಸೀಮೆಗೆ ಒಪ್ಪುವ ಉಪಾಯ.

ಬಿಡಿಭಾಗಗಳ ದೊಡ್ಡ ಪೇಟೆ ಬೆಂಗಳೂರಿನ ಎಸ್‌.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ. ಎಫ್‌ಆರ್‌ಸಿ ಪಟ್ಟಿ ಅಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. 40ರ ಪಟ್ಟಿ ಇಲ್ಲದಿದ್ದರೆ 50ರದನ್ನು ಕೊಂಡು ಹತ್ತು ತಂತಿ ಸೀಳಿ ತೆಗೆಯಬಹುದು; ಕೆಂಪು ಅಂಚನ್ನು ಮಾತ್ರ ಉಳಿಸಿಕೊಳ್ಳಬೇಕು.

ಇಂದಿನ ಸ್ಥಿತಿ

2003ರ ಹೊತ್ತಿಗೆ ಡಿಸ್ಕ್ ಜೋಡಿಸುವ ಸಾಟಾ ಪದ್ಧತಿ ಬಂದ ಮೇಲೆ ಹಾರ್ಡ್‌ಡಿಸ್ಕಿನ ಅಗಲ ಪಟ್ಟಿಗಳು ಹೊಸ ಕಂಪ್ಯೂಟರುಗಳಿಂದ ಮರೆಯಾದವು. ಗುಜರಿ ಸೇರಿದ ಐಡಿಇ ಕೇಬಲ್ಲನ್ನೇ ಕತ್ತರಿಸಿ ವೇಗವರ್ಧಕಕ್ಕೆ ಬಳಸುವ ಯತ್ನಗಳಿಗೆ ಒಂದು ಎಚ್ಚರಿಕೆ ಬೇಕು: 80 ತಂತಿಯ, ಕಿರಿದಾದ ಅಂತರದ ಪಟ್ಟಿಗೆ ಸಾಮಾನ್ಯ ಕನೆಕ್ಟರಿನ ಹಲ್ಲು ಹೊಂದುವುದಿಲ್ಲ. ಹಲವು ಐಡಿಇ ಕನೆಕ್ಟರುಗಳಲ್ಲಿ 20ನೇ ರಂಧ್ರ ಮುಚ್ಚಿರುತ್ತದೆ; ಟ್ಯೂಬ್ ದ್ವಾರದಲ್ಲಿ ಅದೇ ಸ್ಥಾನ ದತ್ತಾಂಶದ ಒಂದು ಗೆರೆಯದು.

40 ಪಿನ್ನಿನ ಕನೆಕ್ಟರ್ ಮಾತ್ರ ಹಿಂದೆ ಸರಿದಿಲ್ಲ. 2014ರ ರಾಸ್‌ಬೆರಿ ಪೈ ಬಿ ಪ್ಲಸ್‌ನಿಂದ ಮುಂದಿನ ಆ ಬಳಗದ ಹೆಚ್ಚಿನ ಬೋರ್ಡುಗಳಲ್ಲಿ ಎರಡು ಸಾಲಿನ 40 ಪಿನ್ನುಗಳೇ ಇವೆ. ಪೈಟ್ಯೂಬ್‌ಡೈರೆಕ್ಟ್ ಎಂಬ ಮುಕ್ತ ತಂತ್ರಾಂಶ ಹಾಕಿದ ಪೈ, ಬಿಬಿಸಿ ಮೈಕ್ರೊವಿನ ಎರಡನೆಯ ಪ್ರೊಸೆಸರಾಗಿ ನಟಿಸುತ್ತದೆ. ಮೂಲ ಪೆಟ್ಟಿಗೆಯ 3 ಮೆಗಾಹರ್ಟ್ಸಿನ ಜಾಗದಲ್ಲಿ ನೂರು ಮೆಗಾಹರ್ಟ್ಸ್ ಮೀರಿದ 6502ರಂತೆ ಓಡುತ್ತದೆ. ಪೈಯೊಳಗಿರುವುದೂ ಏಆರ್‌ಎಂ ಚಿಪ್ಪೇ. ಎರಡೂ ಕಡೆ 40 ಪಿನ್ ಇದೆಯೆಂದು ಪಟ್ಟಿಯನ್ನು ನೇರವಾಗಿ ಸಿಕ್ಕಿಸುವಂತಿಲ್ಲ: ಬಿಬಿಸಿಯ ಸಂಕೇತಗಳು 5 ವೋಲ್ಟಿನವು, ಪೈ ತಾಳುವುದು 3.3, ಪಿನ್ನುಗಳ ಹಂಚಿಕೆಯೂ ಬೇರೆ. ಮಟ್ಟ ಇಳಿಸುವ ಸಣ್ಣ ಬೋರ್ಡೊಂದು ನಡುವೆ ಬೇಕು. ಆ ಬೋರ್ಡಿನಿಂದ ಟ್ಯೂಬ್ ದ್ವಾರಕ್ಕೆ ಹೋಗುವುದು ಎಂದಿನಂತೆ 1.27 ಮಿ.ಮೀ. ಅಂತರದ, ಕೆಂಪು ಅಂಚಿನ ಗಿಡ್ಡ ಪಟ್ಟಿ.